ಮಗಳನ್ನು ಬೇಬಿ ಸಿಟ್ಟಿಂಗ್‌ಗೆ ಬಿಡುವ ಮುಂಚೆ ನಾನು ನೋಡಿದ್ದು

ಅಡಿಕೆ ಕೊಯ್ಲು ಶುರುವಾಯಿತು ಅಂದರೆ ನಮ್ಮತ್ತೆ ಚನ್ನಗಿರಿ ಕಡೆಯ ತೋಟಕ್ಕೆ ಹೊರಡಲೇಬೇಕು. ಹೋದ ವರ್ಷ ಅವರು ಹೊರಟಾಗ ಮಗಳಿಗೆ ಹದಿನಾಲ್ಕು ತಿಂಗಳು. ನಮ್ಮ ಯಜಮಾನರಿಗೆ ಹರಿಹರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನನ್ನದು ದಾವಣಗೆರೆಯಲ್ಲೇ ಒಂದು ಆಡಿಟರ್ ಆಫೀಸು, ಸೆಪ್ಟೆಂಬರ್‌ನಲ್ಲಿ ರಜೆ ಅನ್ನೋ ಮಾತೇ ಎತ್ತುವಂತಿಲ್ಲ. ಐವತ್ತು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು ಅಂತ 2017ರಿಂದ ಕಾನೂನಿದೆ. ನಮ್ಮ ಆಫೀಸಿನಲ್ಲಿ ಇರುವುದು ಒಂಬತ್ತು ಜನ. ಅಂಗನವಾಡಿಯಲ್ಲಿ ಕೂರಿಸೋಣ ಅಂದರೆ ಮೂರು ವರ್ಷ ತುಂಬಬೇಕು. ಉಳಿದದ್ದು ಬೇಬಿ ಸಿಟ್ಟಿಂಗ್.

ಮೊದಲು ನೋಡಿದ್ದು ಎಂಸಿಸಿ ಬಿ ಬ್ಲಾಕ್ ಕಡೆಯ ಒಂದು ಜಾಗ. ಗೋಡೆ ತುಂಬಾ ಜಿರಾಫೆ, ಆನೆ. ಎಸಿ, ಕ್ಯಾಮೆರಾ ಎಲ್ಲ ಇತ್ತು. ಮೇಡಂ ಚೆನ್ನಾಗಿ ಮಾತಾಡಿದರು, ಕಾಫಿನೂ ಕೊಟ್ಟರು. ನನಗೆ ಹೆಚ್ಚೂಕಡಿಮೆ ಒಪ್ಪಿಗೆಯಾಗಿತ್ತು. ಆದರೂ ಎರಡು ದಿನ ಬಿಟ್ಟು ಹನ್ನೊಂದೂವರೆಗೆ ಹೇಳದೆ ಕೇಳದೆ ಹೋದೆ. ಹದಿನಾಲ್ಕು ಮಕ್ಕಳಿಗೆ ಒಬ್ಬಳೇ ಆಯಾ. ದೊಡ್ಡವರು ಟಿವಿ ಮುಂದೆ, ಚಿಕ್ಕವರು ಐದು ಜನ ಸಾಲಾಗಿ ಮಲಗಿದ್ದರು. ಅದೂ ಒಂದೇ ಸಮಯಕ್ಕೆ, ಊಟಕ್ಕೂ ಮೊದಲೇ. ನನ್ನ ಒಬ್ಬ ಮಗಳನ್ನು ಮಲಗಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ, ಇಲ್ಲಿ ಐದೂ ಹೇಗೆ ಮಲಗಿದವು? ನಾನು ಏನೂ ಆರೋಪ ಮಾಡುತ್ತಿಲ್ಲ, ಸುಮ್ನೆ ಅನುಮಾನ ಬಂತು. "ಫೋನ್ ಮಾಡಿ ಬರಬೇಕಿತ್ತು ಮೇಡಂ" ಅಂದರು. ಆ ಮಾತಿಗೇ ನಾನು ವಾಪಸ್ ಬಂದಿದ್ದು.

ಆಫೀಸುಗಳಲ್ಲಿ ನಡೆಸುವ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ನೋಡಿಕೊಳ್ಳುವವರು ಒಬ್ಬರು, ಜೊತೆಗೆ ಒಬ್ಬ ಸಹಾಯಕಿ ಇರಬೇಕು. ನನ್ನನ್ನು ಕೇಳಿದರೆ ನಡೆಯಲು ಕಲಿಯುತ್ತಿರುವ ಮಕ್ಕಳಿಗೆ ಅದೂ ಸಾಲದು.

ಎರಡನೆಯದು ನಿಟ್ಟುವಳ್ಳಿಯ ಒಂದು ಮನೆ. ಆ ಅಮ್ಮನ ಬಗ್ಗೆ ಇವತ್ತಿಗೂ ನನಗೆ ಗೌರವ ಇದೆ. ಆರೇ ಮಕ್ಕಳು, ಬಿಸಿ ಬಿಸಿ ರಾಗಿ ಮಣ್ಣಿ, ಕೈತುಂಬಾ ಪ್ರೀತಿ. ಚಪ್ಪಲಿ ಹಾಕಿಕೊಂಡು ಹೊರಡುವಾಗ ಕಾಲ ಕೆಳಗೆ ಟಪ್ ಅಂತ ಶಬ್ದ ಬಂತು. ನೋಡಿದರೆ ಸಂಪು. ಮುಚ್ಚಳ ಒಡೆದು ಹೋಗಿತ್ತಂತೆ, ಮೇಲೆ ತಗಡು ಮುಚ್ಚಿ ಒಂದು ಕಲ್ಲು ಇಟ್ಟಿದ್ದರು. ನಮ್ಮೂರಿನ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಹಾಗಾಗಿ ಅಂಗಳದಲ್ಲಿ ಸಂಪು, ಬಚ್ಚಲಲ್ಲಿ ಡ್ರಮ್ಮು, ಹಿತ್ತಲಲ್ಲಿ ತುಂಬಿಟ್ಟ ಬಕೆಟ್ಟು. ದೊಡ್ಡವರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಆದರೆ ಈ ವಯಸ್ಸಿನ ಮಗುವಿಗೆ ತಲೆ ಭಾರ. ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ತಾನಾಗಿ ಮೇಲೆ ಏಳಲು ಆಗುವುದಿಲ್ಲ. ಗೇಣುದ್ದ ನೀರೂ ಬೇಕಾಗಿಲ್ಲ, ಕೂಗುವ ಸದ್ದೂ ಬರುವುದಿಲ್ಲ. ಮುಚ್ಚದ ಡ್ರಮ್ಮಿನಲ್ಲಿ ಸೊಳ್ಳೆ, ಅದರಿಂದ ಡೆಂಗ್ಯೂ ಬೇರೆ. "ಅಮ್ಮಾ, ಮುಚ್ಚಳ ಹಾಕಿಸಿ, ನಾನೇ ದುಡ್ಡು ಕೊಡ್ತೀನಿ" ಅಂದೆ. "ಹತ್ತು ವರ್ಷದಿಂದ ಏನೂ ಆಗಿಲ್ಲಮ್ಮ" ಅಂತ ನಕ್ಕರು. ಮನಸ್ಸಿಲ್ಲದ ಮನಸ್ಸಿಂದ ಕೈಬಿಟ್ಟೆ.

ಆಮೇಲೆ ನೋಡಿದ ಮೂರು ಕಡೆಯೂ ಮೊದಲು ಹೋಗಿದ್ದು ಬಚ್ಚಲಿಗೆ. ಒಬ್ಬರು ನನ್ನನ್ನು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಕೊನೆಗೆ ಒಪ್ಪಿದ್ದು ವಿದ್ಯಾನಗರದಲ್ಲಿ ರಿಟೈರ್ ಆದ ಟೀಚರ್ ಒಬ್ಬರು ನಡೆಸುವ ಮನೆ. ಗೋಡೆಯ ಬಣ್ಣ ಕಿತ್ತುಹೋಗಿತ್ತು. ಬಚ್ಚಲ ಬಾಗಿಲಿಗೆ ಮಾತ್ರ ಮೇಲ್ಗಡೆ ಚಿಲಕ, ಸಂಪಿಗೆ ಕಬ್ಬಿಣದ ಮುಚ್ಚಳ, ಬೀಗ. ನಾನು ಟೀಚರ್ ಹತ್ತಿರ ಮಾತಾಡಿದ್ದು ಹತ್ತು ನಿಮಿಷ, ಆಯಾ ಅಕ್ಕನ ಹತ್ತಿರ ಒಂದು ಗಂಟೆ. ಮಗಳು ದಿನವಿಡೀ ಇರುವುದು ಅವರ ತೊಡೆ ಮೇಲೆ ಅಲ್ವಾ? ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಂದೆ. ಏಳು ಅಂದರು. ಮೊದಲು ನೋಡಿದ ಕಡೆ ಆಯಾ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಆಮೇಲೆ ಅಕ್ಕನೇ ನನ್ನನ್ನು ಕೇಳಲು ಶುರು ಮಾಡಿದರು. ಕೂಸು ನೀರಿಗೆ ಏನಂತಾಳೆ? ನಿದ್ದೆ ಬಂದರೆ ಕಿವಿ ಎಳ್ಕೊಳ್ತಾಳಾ, ಕಣ್ಣು ಉಜ್ಕೊಳ್ತಾಳಾ? ಜ್ವರದಲ್ಲಿ ಯಾವಾಗಾದರೂ ಫಿಟ್ಸ್ ಬಂದಿತ್ತಾ? ಐದು ಕಡೆ ತಿರುಗಿದ್ದರೂ ಮಗಳ ಬಗ್ಗೆ ನನ್ನನ್ನು ಯಾರೂ ಇಷ್ಟು ಕೇಳಿರಲಿಲ್ಲ.

ಫೀಸು ತಿಂಗಳಿಗೆ 4,500. ಊಟ ಮನೆಯಿಂದ.

ಒಂದೇ ದಿನ ಪೂರ್ತಿ ಬಿಡಲಿಲ್ಲ. ಮೊದಲ ಎರಡು ದಿನ ನಾನೂ ಅಲ್ಲೇ ಕೂತೆ. ಆಮೇಲೆ ಒಂದು ಗಂಟೆ, ಮಧ್ಯಾಹ್ನದವರೆಗೆ, ಸಂಜೆಯವರೆಗೆ. ಒಂಬತ್ತು ದಿನ ಗೇಟಿನಲ್ಲಿ ಅತ್ತಳು. ನಾನೂ ಸ್ಕೂಟಿ ಮೇಲೆ ಅಳುತ್ತಾ ಆಫೀಸಿಗೆ ಹೋದೆ. ಕಣ್ತಪ್ಪಿಸಿ ಹೊರಟುಬಿಡಿ ಅಂತ ಬಹಳ ಜನ ಹೇಳಿದ್ದರು. ನಾನು ಹಾಗೆ ಮಾಡಲಿಲ್ಲ, ಟಾಟಾ ಹೇಳಿಯೇ ಹೊರಟೆ. ಬೆಳಿಗ್ಗೆಯ ಅಳುವಿಗಿಂತ ಸಂಜೆಯ ಮುಖ ನೋಡುತ್ತಿದ್ದೆ. ಹೊಟ್ಟೆ ತುಂಬಿದೆಯಾ, ಡೈಪರ್ ಒಣಗಿದೆಯಾ, ಅಕ್ಕನ ಸೊಂಟದಿಂದ ಇಳಿಯಲು ಹಟ ಮಾಡುತ್ತಾಳಾ.

ಎಲ್ಲಾ ಸರಿಯಾಗೇ ನಡೆಯಿತು ಅಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಹೋದಾಗ ಮಕ್ಕಳ ಮುಂದೆ ಮಂಡಕ್ಕಿ, ಅದರಲ್ಲಿ ಶೇಂಗಾ. ದಾವಣಗೆರೆಯಲ್ಲಿ ಮಂಡಕ್ಕಿ ಬೇಡ ಅಂದರೆ ಜನ ನಗುತ್ತಾರೆ. ಆದರೆ ದವಡೆ ಹಲ್ಲು ಸರಿಯಾಗಿ ಬರದ ಮಕ್ಕಳಿಗೆ ಇಡೀ ಶೇಂಗಾ ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಹೇಳಿದೆ. ಟೀಚರ್ ವಾದ ಮಾಡಲಿಲ್ಲ, ಮರುದಿನದಿಂದ ಚಿಕ್ಕವರಿಗೆ ಶೇಂಗಾ ನಿಲ್ಲಿಸಿದರು. ಇನ್ನೊಂದು ಸಲ ಬೇರೆ ಮಗು ಕೈ ಕಚ್ಚಿತ್ತು. ನಾನು ಹೋಗಿ ನೋಡುವ ಮುಂಚೆಯೇ ಅಕ್ಕ ಫೋನ್ ಮಾಡಿದ್ದರು. ಯಾವ ಮಗು ಅಂತ ಮಾತ್ರ ಹೇಳಲಿಲ್ಲ. ಅದೂ ನನಗೆ ಹಿಡಿಸಿತು.

ಈಗಲೂ ತಿಂಗಳಿಗೊಮ್ಮೆ ಹೊತ್ತಲ್ಲದ ಹೊತ್ತಲ್ಲಿ ಹೋಗುತ್ತೇನೆ. ಮೊನ್ನೆ ಹೋದಾಗ ಇನ್ನೊಂದು ಪ್ರಶ್ನೆ ನೆನಪಾಯಿತು, ಮೊದಲೇ ಕೇಳಬೇಕಿತ್ತು: ಅಕ್ಕ ರಜೆ ಹಾಕಿದರೆ ಯಾರು ಬರುತ್ತಾರೆ? "ಟೀಚರ್ ಮಗಳು ಬರ್ತಾಳೆ" ಅಂದರು ಅಕ್ಕ. "ದುಗ್ಗಮ್ಮನ ಜಾತ್ರೆಗೆ ಮಾತ್ರ ಅವರ ಮನೆ ತುಂಬಾ ನೆಂಟರು, ಆವಾಗ ಬಾಗಿಲು ಹಾಕ್ತೀವಿ." ಜಾತ್ರೆ ಎರಡು ವರ್ಷಕ್ಕೊಮ್ಮೆ, ಸರಿ. ಮಾರ್ಚ್‌ನಲ್ಲಿ ಬಂದರೆ ಆಡಿಟರ್ ಆಫೀಸಿನಲ್ಲಿ ರಜೆ ಕೇಳುವ ಧೈರ್ಯ ಯಾರಿಗಿದೆ? ಅತ್ತೆಗೆ ಈಗಲೇ ಫೋನ್ ಮಾಡಿ ಹೇಳಿಟ್ಟಿದ್ದೇನೆ.