ಬೋರಲು ಬಕೆಟ್ ಮೇಲೆ ಕೂತು ಪಳಗಿಸಿದ ಕುದುರೆ

ಮೊನ್ನೆ ಲಾಳ ಕಟ್ಟುವ ಯಜಮಾನರು ಬಂದು ಕೆಂಪಿಯ ನಾಲ್ಕೂ ಗೊರಸು ಕತ್ತರಿಸಿ, ಅರ ಉಜ್ಜಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಅವಳನ್ನು ಎಲ್ಲಿಗೂ ಕಟ್ಟಿರಲಿಲ್ಲ. ಹಗ್ಗ ನನ್ನ ಕೈಯಲ್ಲಿ ಸಡಿಲವಾಗಿತ್ತು, ಅಷ್ಟೆ. ಎಡ ಹಿಂಗಾಲು ಹಿಡಿದಾಗ ಅವಳು ಒಮ್ಮೆ ತಿರುಗಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು. ವರ್ಷದ ಹಿಂದೆ ಇದೇ ಯಜಮಾನರು ಬೇಲಿಯಾಚೆ ನಿಂತು, "ಇದು ಉದ್ಧಾರ ಆಗೋ ಕುದುರೆ ಅಲ್ಲ ಬಿಡಪ್ಪ, ಹುಲ್ಲು ದಂಡ" ಅಂದಿದ್ದರು. ಹಾಗೆ ಅಂದವರು ಅವರೊಬ್ಬರೇ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಜಂಬ ಅನ್ನಿಸಿದರೆ ಅನ್ನಿಸಲಿ.

ಕೆಂಪಿಗಿಂತ ಮೊದಲು ನನ್ನ ಹತ್ತಿರ ಬೂದ ಅಂತ ಒಬ್ಬನಿದ್ದ. ಬೀಜ ತೆಗೆಸಿದ ಗಂಡು, ಕಚ್ಚುವ ಕುದುರೆ. ಆಗ ನನಗೆ ಅವಸರ ಜಾಸ್ತಿ. ಹೆಸರು ಮಾಡಿದ ಒಬ್ಬ ತರಬೇತುಗಾರರನ್ನು ಹತ್ತು ದಿನಕ್ಕೆ ಕರೆಸಿದೆ. ಅವರಿಗೆ ಕೊಟ್ಟ ದುಡ್ಡಲ್ಲಿ ಬೂದನಿಗೆ ನಾಲ್ಕು ತಿಂಗಳ ಹುಲ್ಲು ಬರುತ್ತಿತ್ತು. ಅವರು ದುಂಡನೆಯ ಬೇಲಿಯೊಳಗೆ ಅವನನ್ನು ಬೆವರು ಸುರಿಯುವ ತನಕ ಓಡಿಸಿದರು. ಓಡಲಾರದೆ ನಿಂತಾಗ ಅವನು ನಾಲಿಗೆ ಚಪ್ಪರಿಸಿದ. "ನೋಡಿ, ಬಾಯಾಡಿಸ್ತಿದಾನೆ, ಒಪ್ಪಿಕೊಂಡ" ಅಂದರು. ನಾನೂ ತಲೆಯಾಡಿಸಿದೆ. ಈಗ ನನ್ನ ಲೆಕ್ಕವೇ ಬೇರೆ. ಹೆದರಿಕೆಗೆ ಬಾಯಿ ಒಣಗಿ, ಅದು ಸ್ವಲ್ಪ ಇಳಿದಾಗ ಎಂಜಲು ಬರುತ್ತೆ, ಕುದುರೆ ನುಂಗುತ್ತೆ. ಒಪ್ಪಿಗೆಯೂ ಇಲ್ಲ, ಮಣ್ಣೂ ಇಲ್ಲ.

ಹನ್ನೊಂದನೇ ದಿನ ಬೂದ ಮೇಣದ ಬೊಂಬೆಯ ಹಾಗೆ ನಿಂತಿದ್ದ. ಏನು ಮಾಡಿದರೂ ಸುಮ್ನೆ. ಪಳಗಿದ ಅಂದುಕೊಂಡು ಒಬ್ಬರಿಗೆ ಕೊಟ್ಟೆ. ಎರಡು ತಿಂಗಳಿಗೆ ಅವರ ಕಾಲರ್‌ಬೋನ್ ಮುರಿದು ವಾಪಸ್ ಬಂದ. ಅದರಲ್ಲಿ ಅರ್ಧ ತಪ್ಪು ನನ್ನದೇ. ಕಣ್ಣು ಗಾಜಿನ ಹಾಗಿದ್ದದ್ದು ನನಗೂ ಕಂಡಿತ್ತು. ಸುಮ್ಮನಿರುವುದು ಬೇರೆ, ನೆಮ್ಮದಿಯಾಗಿರುವುದು ಬೇರೆ ಅಂತ ಕಲಿಯೋಕೆ ಇಷ್ಟು ಖರ್ಚಾಯಿತು.

ಇನ್ನು ಕೆಂಪಿ. ಬಂದಾಗ ಎದೆಸುತ್ತು, ಉದ್ದ ಅಳೆದು ತೂಕದ ಲೆಕ್ಕ ಹಾಕಿದ್ದೆ. ಸುತ್ತನ್ನು ಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸೋದು, ಸೆಂಟಿಮೀಟರಿನಲ್ಲಿ. 290 ಕಿಲೋ ಚಿಲ್ಲರೆ ಬಂತು. ಅಳೆದದ್ದು ಅಂದರೆ, ಓಣಿಯಂಥ ಗೇಟಿನಲ್ಲಿ ನಿಲ್ಲಿಸಿ, ಆಚೆಯಿಂದ ಟೇಪು ತೂರಿಸಿ, ಎರಡು ಸಲ ಒದೆಸಿಕೊಂಡು. ಅವಳ ಎತ್ತರಕ್ಕೆ 380 ಆದರೂ ಇರಬೇಕಿತ್ತು. 1 ಅಂದರೆ ಬರೀ ಎಲುಬು, 9 ಅಂದರೆ ಬೊಜ್ಜು, ಆ ಒಂಬತ್ತರ ಅಳತೆಯಲ್ಲಿ ಮೈಕಟ್ಟು 2, ಕಷ್ಟಪಟ್ಟು.

ಹಸಿದು ಒಣಗಿದ ಕುದುರೆಗೆ ಧಾನ್ಯ ಸುರಿದರೆ ಜೀವಕ್ಕೇ ಅಪಾಯ ಅಂತ ಕುದುರೆ ಸಾಕುವವರಿಗೆ ಗೊತ್ತೇ ಇದೆ. ನನಗೂ ಗೊತ್ತಿತ್ತು, ಆದರೂ ಹಿಂದೆ ಒಂದು ಮುದಿ ಕುದುರೆಗೆ ಕರುಣೆ ತೋರಿಸಲು ಹೋಗಿ ಮೂರನೇ ದಿನಕ್ಕೆ ಕಳೆದುಕೊಂಡಿದ್ದೆ. ಈ ಸಲ ಡಾಕ್ಟರು ಹೇಳಿದ ಹಾಗೇ ಮಾಡಿದೆ. ಕುದುರೆ ಮಸಾಲೆ ಅನ್ನೋ ಮೇವಿನ ಬೆಳೆಯ (ಲೂಸರ್ನ್) ಎಲೆ ಜಾಸ್ತಿ ಇರುವ ಒಣಹುಲ್ಲು, ಸಲಕ್ಕೆ ಅರ್ಧ ಕಿಲೋಗಿಂತ ಕಡಿಮೆ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಮೂರು ದಿನ ಅಷ್ಟೇ. ಆಮೇಲೆ ಪ್ರಮಾಣ ಏರಿಸುತ್ತಾ, ಸಲ ಇಳಿಸುತ್ತಾ ಹತ್ತು ದಿನ ದಾಟಿಸಿದ್ದು. ಅಲಾರಂ ಇಟ್ಟು ಏಳುವ ಆ ಹತ್ತು ರಾತ್ರಿಗಳಿಂದ ಒಂದು ಲಾಭವಾಯಿತು. ಕತ್ತಲಲ್ಲಿ ಬರುವ ಮನುಷ್ಯ ಅಂದರೆ ಹುಲ್ಲು, ಬೇರೇನೂ ಕೇಳುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಹಗಲಲ್ಲಿ ಮಾತ್ರ ಅದೇ ಕೆನ್ನಾಲಗೆಯ ಕೋಪ. ಕಿವಿ ಹಿಂದಕ್ಕೆ, ಹಲ್ಲು ಹೊರಕ್ಕೆ, ಆಮೇಲೆ ಪೃಷ್ಠ ನನ್ನ ಕಡೆಗೆ.

ಮೂರು ವಾರ ಬೇರೆ ಇಟ್ಟದ್ದು ಸೋಂಕಿನ ಭಯಕ್ಕೆ. ಆ ಮೂರು ವಾರದಲ್ಲೇ ಬಕೆಟ್ ವಿದ್ಯೆ ಶುರುವಾಯಿತು. ಮಾಡಿದ್ದು ಇಷ್ಟೆ. ಬಕೆಟ್ ಬೋರಲು ಹಾಕಿ, ಅವಳಿಂದ ಸುಮಾರು ಹದಿನೈದು ಹೆಜ್ಜೆ ದೂರದಲ್ಲಿ, ಓರೆಯಾಗಿ ಕೂರೋದು. ಅವಳನ್ನು ನೋಡೋ ಹಾಗಿಲ್ಲ. ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ. ಇದನ್ನು ಎಲ್ಲರೂ ಮಾಡ್ತಾರೆ ಅಲ್ವಾ? ಮಾಡ್ತಾರೆ. ಆದರೆ ಎಲ್ಲರೂ ಕುದುರೆ ಹತ್ತಿರ ಬರಲಿ ಅಂತ ಕಾಯುತ್ತಾ ಕೂರುತ್ತಾರೆ. ನಾನು ಕಾದದ್ದು ಎದ್ದು ಹೋಗಲು. ಒಂದು ಕಿವಿ ನನ್ನ ಕಡೆ ಮೆತ್ತಗೆ ತಿರುಗಿದರೆ ಸಾಕು, ಎದ್ದು ಹೊರಗೆ. ಎರಡನೇ ವಾರ ಕಿವಿಗೆ ಎದ್ದು ಹೋಗಲಿಲ್ಲ, ತಲೆ ತಿರುಗಿಸಿದ ಮೇಲೆ ಹೋದೆ. ಆಮೇಲೆ ಒಂದು ಹೆಜ್ಜೆಗೆ. ಅವಳಿಗೆ ಬೇಕಾಗಿದ್ದದ್ದು ನಾನು ಹೋಗೋದು. ಅದನ್ನೇ ಕೂಲಿಯಾಗಿ ಕೊಟ್ಟೆ. ಒದ್ದರೆ ಹೋಗದ ಮನುಷ್ಯ, ಮೆತ್ತಗೆ ನೋಡಿದರೆ ಹೋಗುತ್ತಾನೆ. ಈ ಲೆಕ್ಕ ಅವಳಿಗೆ ಬೇಗ ಹಿಡಿಸಿತು. ಸುಮಾರು ನಲವತ್ತನೇ ದಿನ ಹಿಂದಿನಿಂದ ಬಂದು ನನ್ನ ಟೋಪಿ ಮೂಸಿದಳು. ಉಸಿರು ಬಿಸಿಯಾಗಿ ಕತ್ತಿಗೆ ತಾಗಿತು. ನನಗೆ ಅಳು ಬಂತು, ಆದರೂ ನಿಯಮದ ಪ್ರಕಾರ ಎದ್ದು ಹೋದೆ.

ಅದೇ ಬಕೆಟ್ಟು ಒಂದು ತೊಂದರೆಯನ್ನೂ ಕೊಟ್ಟಿತ್ತು. ಹಿಡಿಕೆ 'ಟಿಣ್' ಅಂದರೆ ಸಾಕು, ಅವಳು ಬೇಲಿಯ ಆ ತುದಿಗೆ. ಅವಳಿಗೆ ಹಿಂದೆ ಏನಾಗಿತ್ತೋ. ಬಣ್ಣದ ಮೇಲೆ ಅನುಮಾನ ಬಂದು ಕೆಂಪು, ಹಸಿರು, ನೀಲಿ, ಹಳದಿ ಅಂತ ನಾಲ್ಕು ಬಕೆಟ್ ತಂದು ಪರೀಕ್ಷೆ ಮಾಡಿದೆ. ಕುದುರೆಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣೋದಿಲ್ಲ, ನೀಲಿ ಹಳದಿ ಕಾಣುತ್ತೆ. ಎರಡು ವಾರ ಪುಸ್ತಕದಲ್ಲಿ ಗೀಟು ಹಾಕಿದ್ದೇ ಹಾಕಿದ್ದು. ಕೊನೆಗೆ ಗೊತ್ತಾದದ್ದು, ತಾಪತ್ರಯವೆಲ್ಲ ಸದ್ದಿನದು. ಹಿಡಿಕೆಗೆ ಹಳೆ ಸೈಕಲ್ ಟ್ಯೂಬ್ ಸುತ್ತಿದೆ, ಮುಗೀತು. ಮೂರು ಬಕೆಟ್ ಮನೆಯವರ ಪಾಲಾದವು.

ಜೊತೆಗಿರಲಿ ಅಂತ ಒಂದು ಆಡನ್ನೂ ತಂದೆ. ಕೆಂಪಿ ಅದನ್ನು ತಿರುಗಿಯೂ ನೋಡಲಿಲ್ಲ. ಆಡು ಎರಡು ಹತ್ತಿಯ ಹಗ್ಗ, ಒಂದು ಬ್ರಷ್ಷಿನ ಪಟ್ಟಿ ತಿಂದಿತು.

ಎರಡು ತಿಂಗಳಾದರೂ ಹೊಟ್ಟೆಯ ಬಳಿ ಕೈ ಹೋದರೆ ಕಚ್ಚಲು ಬರುತ್ತಿದ್ದಳು. ಹಟಮಾರಿ ಅಂದರು ಎಲ್ಲರೂ. ಅಷ್ಟು ಹೊತ್ತಿಗೆ ಮುಟ್ಟಿಸಿಕೊಳ್ಳುತ್ತಿದ್ದಳಲ್ಲ, ಹಾಗಾಗಿ ಮತ್ತೆ ಡಾಕ್ಟರನ್ನು ಕರೆಸಿ ಬಾಯಿ ತೆಗೆಸಿದೆ. ದವಡೆ ಹಲ್ಲಿನ ಹೊರ ಅಂಚು ಗರಗಸದ ಹಾಗೆ ಚೂಪಾಗಿ, ಕೆನ್ನೆಯ ಒಳಗೆ ಗಾಯವಾಗಿತ್ತು. ಕ್ಯಾಮೆರಾ ಇಳಿಸಿ ನೋಡಿದರೆ ಹೊಟ್ಟೆಯಲ್ಲಿ ಹುಣ್ಣು. ಹಲ್ಲು ಉಜ್ಜಿಸಿ, ನಾಲ್ಕು ವಾರ ಹೊಟ್ಟೆಯ ಆಮ್ಲ ಇಳಿಸುವ ಒಮೆಪ್ರಜೋಲ್ ಪೇಸ್ಟ್ ಕೊಟ್ಟದ್ದೇ ತಡ, ಆ "ಹಟ" ಮುಕ್ಕಾಲು ಪಾಲು ಹೋಯಿತು. ಮೊದಲೇ ಮತ್ತಿನ ಇಂಜೆಕ್ಷನ್ ಕೊಡಿಸಿ ಇದನ್ನೆಲ್ಲ ನೋಡಿಸಬೇಕಿತ್ತು. ದುಡ್ಡು ಉಳಿಸೋಕೆ ಹೋಗಿ ಎರಡು ತಿಂಗಳು ಅವಳನ್ನು ನೋವಲ್ಲಿ ಇಟ್ಟೆ. ಪೇಸ್ಟಿನ ಸಿರಿಂಜಿಗೆ ಮೊದಲು ಒಂದು ವಾರ ಖಾಲಿ ಸಿರಿಂಜಿನಲ್ಲಿ ಸಿಹಿ ಕೊಟ್ಟು ಅಭ್ಯಾಸ ಮಾಡಿಸಿದ್ದೆ. ಆ ಸಿಹಿಯಲ್ಲಿ ಏನು ಬೆರೆಸುತ್ತಿದ್ದೆ ಅನ್ನೋದು ನನ್ನಲ್ಲೇ ಇರಲಿ.

ಕೈಯಲ್ಲಿ ಕ್ಯಾರೆಟ್ ಕೊಟ್ಟು ಕಲಿಸೋದು ನನಗೆ ಕೈಕೊಟ್ಟಿತು. ವಾರದಲ್ಲಿ ಜೇಬು ಹರಿಯುವ ಮಟ್ಟಕ್ಕೆ ಬಂದಳು. ಕೋಲಿನ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿ, ಅದಕ್ಕೆ ಮೂತಿ ತಾಗಿಸಿದರೆ ತಟ್ಟೆಗೆ ತುಂಡು ಬೀಳುವ ಹಾಗೆ ಮಾಡಿದ ಮೇಲೆ ಸರಿಹೋಯಿತು. ತಿನ್ನೋದು ತಟ್ಟೆಯಲ್ಲಿ, ನನ್ನ ಮೈಮೇಲಲ್ಲ. ಕತ್ತಿನ ಬುಡ ಕೆರೆಯೋದು ಇದಕ್ಕಿಂತ ಅಗ್ಗ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಸುಮ್ನೆ ಕುತೂಹಲಕ್ಕೆ ಸ್ಟೆತಸ್ಕೋಪ್ ಇಟ್ಟು ಎಣಿಸಿದೆ. ನಾನು ಹತ್ತಿರ ಬಂದಾಗ ನಿಮಿಷಕ್ಕೆ 56-58 ಇದ್ದ ಬಡಿತ ಐದು ನಿಮಿಷ ಕೆರೆದರೆ 46ರ ಆಸುಪಾಸು ಇಳಿಯುತ್ತಿತ್ತು. ಭುಜ ಕೆರೆದು ನೋಡಿದೆ, ಬೆನ್ನು ಕೆರೆದು ನೋಡಿದೆ, ಅಷ್ಟು ಇಳಿಯಲಿಲ್ಲ.

ತಲೆಗೆ ಹಾಲ್ಟರ್, ಅಂದರೆ ಹಗ್ಗ ಸಿಕ್ಕಿಸುವ ತಲೆಪಟ್ಟಿ, ಹಾಕಿದ್ದು ಐದನೇ ತಿಂಗಳಲ್ಲಿ. ಮೊದಲ ಸಲ ಕಿವಿ ದಾಟಿಸೋಕೆ ನನ್ನದೇ ಒಂದು ಉಪಾಯ ಇದೆ. ಬರೆದರೆ ಯಾರೋ ಅರ್ಧ ಓದಿಕೊಂಡು ಬೆರಳು ಕಳೆದುಕೊಳ್ಳುತ್ತಾರೆ. ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಕಾಲು ಮಾತ್ರ ಜೀವ ಹಿಂಡಿತು. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕಾದದ್ದು, ಅವಳದು ಚಪ್ಪಲಿಯ ಹಾಗೆ ಮುಂದಕ್ಕೆ ಬೆಳೆದಿತ್ತು. ಮೊದಲ ಎರಡು ಸಲ ಡಾಕ್ಟರು ಮತ್ತಿನ ಇಂಜೆಕ್ಷನ್ ಕೊಟ್ಟೇ ಕತ್ತರಿಸಿದ್ದು. ಈ ಕಡೆ ನಾನು ಕೋಲಿನ ತುದಿಗೆ ಹಳೆ ಕೈಗವಸಿಗೆ ಬಟ್ಟೆ ತುರುಕಿ ಕಟ್ಟಿ, ಅದರಿಂದ ಕಾಲು ಸವರುತ್ತಿದ್ದೆ. ಎರಡು ಕೋಲು ಒದ್ದು ಮುರಿದಳು. ಒದ್ದಾಗ ಕೋಲು ಅಲ್ಲೇ ಇರಬೇಕು, ಕಾಲು ನೆಲಕ್ಕೆ ಇಟ್ಟ ಕ್ಷಣ ತೆಗೆಯಬೇಕು. ಹೇಳಿದಷ್ಟು ಸುಲಭವಲ್ಲ, ಕೈ ತಾನಾಗಿ ಹಿಂದೆ ಬರುತ್ತೆ. ಆಮೇಲೆ ಕೈಯಲ್ಲೇ ಎತ್ತಿ, ಅವಳು ಕಾಲು ಎಳೆದುಕೊಳ್ಳುವ ಮೊದಲೇ ನಾನೇ ಮೆತ್ತಗೆ ಇಳಿಸೋದು. ಒಂದು ಸೆಕೆಂಡು, ಎರಡು, ಮೂರು. ಹತ್ತಕ್ಕೆ ಬರಲು ತಿಂಗಳಾಯಿತು. ಒಂದು ಭಾನುವಾರ ಸ್ನೇಹಿತರು ನೋಡುತ್ತಿದ್ದಾರೆ ಅಂತ ಒಂದೇ ಸಲಕ್ಕೆ ನಲವತ್ತರ ತನಕ ಹಿಡಿದೆ. ಅವಳು ಕಿತ್ತುಕೊಂಡಳು, ನಾನು ಸಗಣಿಯಲ್ಲಿ ಬಿದ್ದೆ. ಮತ್ತೆ ಹತ್ತಕ್ಕೆ ಬರಲು ಮೂರು ವಾರ. ಆ ಸ್ನೇಹಿತರು ಇವತ್ತಿಗೂ ನಗುತ್ತಾರೆ.

ದುಡ್ಡಿನ ವಿಷಯ ಕೇಳುವವರಿಗೆ ಹೇಳಿಬಿಡುತ್ತೇನೆ. ಕೆಂಪಿಯನ್ನು ಬಿಡಿಸಿಕೊಳ್ಳಲು ಕೊಟ್ಟದ್ದು ಎರಡು ತಿಂಗಳ ಹುಲ್ಲಿನ ದುಡ್ಡೂ ಇಲ್ಲ. 14 ತಿಂಗಳ ಖರ್ಚನ್ನು ಹತ್ತು ಪಾಲು ಮಾಡಿದರೆ, ಐದು ಪಾಲು ಮೇವು. ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡು ಭಾಗ ತಿನ್ನುವ ಪ್ರಾಣಿ, ಇನ್ನೇನಾಗುತ್ತೆ. ಎರಡೂವರೆ ಪಾಲು ಡಾಕ್ಟರು, ಔಷಧಿ. ಒಂದು ಪಾಲು ಗೊರಸಿನ ಕೆಲಸಕ್ಕೆ. ಉಳಿದದ್ದು ಮುರಿದ ಬೇಲಿ, ತಿಂದ ಹಗ್ಗ, ನಾಲ್ಕು ಬಕೆಟ್. ನಡುವೆ ಬೈಕ್ ಮಾರಿದೆ. ತರಬೇತಿಗೆ ಅಂತ ಖರ್ಚಾದದ್ದು ಸೊನ್ನೆ. ಇದನ್ನು ಮನೆಯಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಮೆಚ್ಚಿಕೊಳ್ಳಲಿಲ್ಲ.

ಈಗ 375 ಕಿಲೋ ಹತ್ತಿರ ಇದ್ದಾಳೆ. ಗಾಡಿ ಹತ್ತುತ್ತಾಳೆ, ಸ್ನಾನ ಮಾಡಿಸಿಕೊಳ್ಳುತ್ತಾಳೆ. ಬಿಚ್ಚಿದ ಕೊಡೆ ಕಂಡರೆ ಇನ್ನೂ ಆಗೋದಿಲ್ಲ. ಸವಾರಿ ಮಾಡಿದ್ರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಹಳೆ ಜೀನು ಕೊರೆದ ಜಾಗದಲ್ಲಿ ಎರಡೂ ಕಡೆ ಬಿಳಿ ಕೂದಲು ಬಂದಿದೆ, ಬೆನ್ನು ಒತ್ತಿದರೆ ಈಗಲೂ ತಗ್ಗಿಸುತ್ತಾಳೆ. ನಾನು ಹತ್ತೋದಿಲ್ಲ.

ಮೊನ್ನೆ ಯಜಮಾನರು ಅರ, ಇಕ್ಕಳ ಎಲ್ಲ ಚೀಲಕ್ಕೆ ಹಾಕಿಕೊಂಡು, ಹೊರಡದೆ ಅಲ್ಲೇ ನಿಂತರು. ಆಮೇಲೆ, "ನನ್ ಭಾವಮೈದನ ಹತ್ರ ಒಂದಿದೆ, ಲಾಯಕ್ಕೆ ಯಾರನ್ನೂ ಬಿಟ್ಕೊಳ್ಳಲ್ಲ. ನೋಡ್ತೀಯೇನಪ್ಪ?" ಅಂದರು. ಮೊದಲು ಹಲ್ಲು, ಹೊಟ್ಟೆ ತೋರಿಸಿಕೊಂಡು ಬರಲಿ ಯಜಮಾನ್ರೇ ಅಂದೆ. ಬರುವ ವಾರ ಕಳಿಸುತ್ತಾರಂತೆ. ಮೂರು ವಾರ ಬೇರೆ ಇಡೋಕೆ ಆಚೆ ಬೇಲಿಯೇ ಬೇಕು, ಅದರ ಎರಡು ಅಡ್ಡಮರ ಕೆಂಪಿ ಒದ್ದದ್ದು ಹಾಗೇ ಬಿದ್ದಿವೆ.