ಅಟ್ಲಾಂಟಾಗೆ ಹೊಸದಾಗಿ ಬಂದಿದ್ದೀರಾ? ಈ ಊರಿನ ಊಟಕ್ಕೂ ಒಮ್ಮೆ ಕೂತು ನೋಡಿ

ಅಟ್ಲಾಂಟಾಗೆ ಬಂದ ಮೊದಲ ವಾರದಲ್ಲೇ ಯಾರಾದರೂ ನಿಮ್ಮನ್ನು ಡಿಕೇಟರ್ ಕಡೆಯ ಪಟೇಲ್ ಪ್ಲಾಜಾಗೆ ಕರೆದುಕೊಂಡು ಹೋಗುತ್ತಾರೆ. ಸೋನಾ ಮಸೂರಿ, ಹುಣಸೆಹಣ್ಣು, ಕರಿಬೇವು ಎಲ್ಲ ಸಿಗುತ್ತದೆ. ಆಲ್ಫರೆಟ್ಟಾ, ಕಮಿಂಗ್ ಕಡೆ ಮನೆ ಮಾಡಿದರೆ ಇಡ್ಲಿ, ದೋಸೆಗೂ ದೂರ ಹೋಗಬೇಕಿಲ್ಲ. ಅಲ್ಲಿಗೆ ಊಟದ ಚಿಂತೆ ಮುಗಿಯಿತು ಅಂತ ತುಂಬಾ ಜನ ಸುಮ್ಮನಾಗಿಬಿಡುತ್ತಾರೆ. ನಾನೂ ಮೊದಲ ಎರಡು ವರ್ಷ ಹಾಗೇ ಇದ್ದೆ. ಇಲ್ಲಿನವರ ಅಡುಗೆ ಎಂದರೆ ಕರಿದ ಕೋಳಿ, ಹಂದಿ ಮಾಂಸ ಅಷ್ಟೇ ಅಂದುಕೊಂಡಿದ್ದೆ. ಆ ಎರಡು ವರ್ಷ ಸುಮ್ನೆ ಹೋಯಿತಲ್ಲ ಎಂದು ಈಗಲೂ ಅನಿಸುತ್ತದೆ.

ಇಲ್ಲಿನ ಹಳೆ ಅಡುಗೆಮನೆಯಲ್ಲಿ ಇರುವುದು ನಮಗೆ ಗೊತ್ತಿರುವ ಸಾಮಾನೇ. ಅಲಸಂದೆ ಕಾಳು, ಬೆಂಡೆಕಾಯಿ, ಕಡಲೆಕಾಯಿ, ಗೆಣಸು, ಸೊಪ್ಪು, ಮೆಕ್ಕೆಜೋಳ. ಇದರಲ್ಲಿ ಅಲಸಂದೆ, ಬೆಂಡೆ ಎರಡೂ ಆಫ್ರಿಕಾದವು. ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿ ತಂದ ಜನರ ಜೊತೆ ಈ ಕಡೆ ಬಂದವು. ಬೆಳೆಯುವುದು, ಬೇಯಿಸುವುದು ಎಲ್ಲ ಅವರ ಕೈಯಿಂದಲೇ ಆಯಿತು. ತಟ್ಟೆ ಮುಂದೆ ಕೂತಾಗ ಇದು ನೆನಪಿರಲಿ.

ಗ್ರಿಟ್ಸ್‌ನಿಂದ ಶುರು ಮಾಡಿ. ಒಣಗಿದ ಮೆಕ್ಕೆಜೋಳವನ್ನು ತರಿತರಿಯಾಗಿ ಒಡೆದು ಗಟ್ಟಿ ಗಂಜಿಯ ಹಾಗೆ ಬೇಯಿಸುತ್ತಾರೆ. ಉತ್ತರ ಕರ್ನಾಟಕದವರು ಒಂದು ಚಮಚ ಬಾಯಿಗಿಟ್ಟರೆ ಸಾಕು, ನುಚ್ಚು ನೆನಪಾಗುತ್ತದೆ. ನಾವು ಮಜ್ಜಿಗೆ ಹಾಕಿಕೊಳ್ಳುತ್ತೇವೆ, ಇವರು ಬೆಣ್ಣೆ ಹಾಕುತ್ತಾರೆ. ಸಪ್ಪೆ ಅನಿಸಿದರೆ ಉಪ್ಪು, ಮೆಣಸಿನಪುಡಿ ಉದುರಿಸಿಕೊಳ್ಳಿ.

ನನ್ನ ಮನಸ್ಸು ತಿರುಗಿಸಿದ್ದು ಮಾತ್ರ ಕಾಲರ್ಡ್ ಸೊಪ್ಪು. ಅಗಲ ಎಲೆ, ಸ್ವಲ್ಪ ಕಹಿ, ಬೇಯುವುದಕ್ಕೆ ಗಂಟೆಗಟ್ಟಲೆ ಬೇಕು. ಬೆಂದ ಮೇಲೆ ಪಾತ್ರೆಯಲ್ಲಿ ಉಳಿಯುವ ನೀರನ್ನು ಇವರು ಚೆಲ್ಲುವುದಿಲ್ಲ. ಅದಕ್ಕೆ ಪಾಟ್ ಲಿಕ್ಕರ್ ಅನ್ನುತ್ತಾರೆ. ಮದ್ಯ ಅಲ್ಲ, ಹೆದರಬೇಡಿ. ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬ್ರೆಡ್, ಮುರಿದು ಅದರಲ್ಲಿ ಅದ್ದಿ ತಿನ್ನುತ್ತಾರೆ. ಮೊದಲ ಸಲ ನೋಡಿದಾಗ ನಾನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಸೊಪ್ಪು ಬೇಯಿಸಿ, ನೀರು ಬಸಿದು, ಆ ಕಟ್ಟಿನಲ್ಲೇ ಸಾರು ಮಾಡಿ ಮುದ್ದೆ ಮುರಿದು ಅದ್ದುವ ನಮ್ಮ ಬಸ್ಸಾರಿನ ಊಟವೇ ಅಲ್ವಾ ಇದು?

ಈಗ ಸಸ್ಯಾಹಾರಿಗಳಿಗೆ ಮುಖ್ಯವಾದ ಮಾತು. ಇಲ್ಲಿ ಮೀಟ್ ಅಂಡ್ ತ್ರೀ ಎಂಬ ಊಟ ಇದೆ. ಒಂದು ಮಾಂಸ, ಜೊತೆಗೆ ಮೂರು ಪಲ್ಯ. ಮಾಂಸ ಬೇಡ ಎಂದರೆ ವೆಜಿಟಬಲ್ ಪ್ಲೇಟ್ ಕೇಳಬಹುದು. ಆದರೆ ಇಲ್ಲಿ ವೆಜಿಟಬಲ್ ಎಂದರೆ ಸಸ್ಯಾಹಾರ ಎಂಬ ಅರ್ಥ ಇಲ್ಲ. ಆ ಪಟ್ಟಿಯಲ್ಲಿ ಮ್ಯಾಕರೋನಿ ಚೀಸ್ ಕೂಡ ಇರುತ್ತದೆ! ಸೊಪ್ಪು, ಹುರುಳಿಕಾಯಿ, ಅಲಸಂದೆ ಇವುಗಳನ್ನು ರುಚಿಗಾಗಿ ಹಂದಿ ಮಾಂಸದ ತುಂಡು ಹಾಕಿ ಬೇಯಿಸುವುದು ಹಳೆಯ ಪದ್ಧತಿ. ಒಂದು ಸಣ್ಣ ಹೋಟೆಲಿನಲ್ಲಿ ನಾನು ಕೇಳದೆ ಹುರುಳಿಕಾಯಿ ತಿಂದೆ, ಅರ್ಧ ಮುಗಿದ ಮೇಲೆ ತುಂಡು ಸಿಕ್ಕಿತು. ಅವರು ಮೋಸ ಮಾಡಿರಲಿಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ. ಹಾಗಾಗಿ "ವೆಜಿಟೇರಿಯನ್ ಇದೆಯಾ" ಎಂದಷ್ಟೇ ಕೇಳಬೇಡಿ. "ಇದರಲ್ಲಿ ಹಂದಿ ಮಾಂಸ, ಕೋಳಿ ಸಾರು, ಲಾರ್ಡ್ ಏನಾದರೂ ಇದೆಯಾ" ಎಂದು ಒಂದೊಂದೇ ಕೇಳಿ. ಲಾರ್ಡ್ ಎಂದರೆ ಹಂದಿಯ ಕೊಬ್ಬು, ಇಲ್ಲಿನ ಬಿಸ್ಕಿಟ್‌ನಲ್ಲೂ (ನಮ್ಮ ಬಿಸ್ಕತ್ತಲ್ಲ, ಬನ್ ಥರದ ಮೆತ್ತಗಿನ ತಿಂಡಿ) ಇರಬಹುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾಂಸ ತಿನ್ನುವವರಿಗೆ ಪ್ಯಾಸ್ಕಲ್ಸ್, ಬಿಜಿ ಬೀ ಎಂಬ ಎರಡು ಹೋಟೆಲುಗಳನ್ನು ಹೇಳುತ್ತೇನೆ. ಎರಡೂ 1947ರಲ್ಲಿ ಶುರುವಾದವು, ಎರಡೂ ಕರಿದ ಕೋಳಿಗೆ ಹೆಸರುವಾಸಿ. ಬಿಳಿಯರ ಹೋಟೆಲುಗಳಲ್ಲಿ ಕಪ್ಪು ಜನರನ್ನು ಕೂರಿಸದಿದ್ದ ಕಾಲ ಅದು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಜೊತೆಗಾರರು ಪ್ಯಾಸ್ಕಲ್ಸ್‌ನಲ್ಲಿ ಕೂತು ಊಟ ಮಾಡುತ್ತಾ ಹೋರಾಟದ ಯೋಜನೆ ಮಾಡುತ್ತಿದ್ದರು. ಕಿಂಗ್ ಹುಟ್ಟಿದ ಆಬರ್ನ್ ರಸ್ತೆಯ ಹತ್ತಿರವೇ ಸ್ವೀಟ್ ಆಬರ್ನ್ ಕರ್ಬ್ ಮಾರ್ಕೆಟ್ ಇದೆ, 1924ರ ಕಟ್ಟಡ. ಕರ್ಬ್ ಎಂದರೆ ರಸ್ತೆ ಅಂಚು. ಆಗ ಕಪ್ಪು ವ್ಯಾಪಾರಿಗಳಿಗೆ ಒಳಗೆ ಜಾಗ ಇರಲಿಲ್ಲ, ಹೊರಗೆ ರಸ್ತೆ ಅಂಚಿನಲ್ಲಿ ಮಾರುತ್ತಿದ್ದರು. ಊರಿನಿಂದ ಅಪ್ಪ ಅಮ್ಮ ಬಂದಾಗ ನಾನು ತಪ್ಪದೆ ಕರೆದುಕೊಂಡು ಹೋಗುವ ಜಾಗ ಇದು.

ಇನ್ನು ವಾಫಲ್ ಹೌಸ್ ಎಂಬ ಹೋಟೆಲು ಸರಣಿ. ಹಳದಿ ಬೋರ್ಡು, ಕಪ್ಪು ಅಕ್ಷರ. 1955ರಲ್ಲಿ ಇಲ್ಲೇ ಏವಂಡೇಲ್ ಎಸ್ಟೇಟ್ಸ್‌ನಲ್ಲಿ ಹುಟ್ಟಿದ್ದು. ಹಗಲು ರಾತ್ರಿ ತೆಗೆದಿರುತ್ತದೆ. ಲಾರಿ ಡ್ರೈವರ್, ನರ್ಸ್, ಕಾಲೇಜು ಹುಡುಗರು ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತಾರೆ. ಹ್ಯಾಶ್‌ಬ್ರೌನ್ಸ್ ಹೇಳಿ, ಅಂದರೆ ತುರಿದು ಹುರಿದ ಆಲೂಗಡ್ಡೆ. ಅದರ ಜೊತೆ ಏನು ಬೇಕು ಎಂದು ಹೇಳುವುದಕ್ಕೆ ಇಲ್ಲಿ ಬೇರೆಯದೇ ಮಾತುಗಳಿವೆ. ಸ್ಮದರ್ಡ್ ಎಂದರೆ ಈರುಳ್ಳಿ, ಕವರ್ಡ್ ಎಂದರೆ ಚೀಸ್, ಪೆಪ್ಪರ್ಡ್ ಎಂದರೆ ಹಲಪೀನ್ಯೋ ಮೆಣಸಿನಕಾಯಿ. ಚಂಕ್ಡ್ ಎಂದರೆ ಹ್ಯಾಮ್, ಬೇಡದವರು ಆ ಮಾತು ಎತ್ತಬೇಡಿ. ಒಂದೇ ಕಾವಲಿಯಲ್ಲಿ ಮಾಂಸವೂ ಬೇಯುತ್ತದೆ. ಮಡಿ ಜಾಸ್ತಿ ಇರುವವರಿಗೆ ಇದು ಆಗುವುದಿಲ್ಲ. ಸುಮ್ನೆ ಟೀ ಎಂದರೆ ಐಸ್ ಹಾಕಿದ ಸಿಹಿ ಟೀ ಬರುತ್ತದೆ, ಬಿಸಿ ಬೇಕಾದರೆ ಹಾಟ್ ಟೀ ಎಂದು ಬಿಡಿಸಿ ಹೇಳಿ. ಬಿಲ್ಲು ಕಡಿಮೆ ಆಯಿತೆಂದು ಟಿಪ್ಸ್ ಕಡಿಮೆ ಮಾಡಬೇಡಿ. ಬಡಿಸುವವರ ಸಂಬಳ ನಡೆಯುವುದೇ ಅದರಿಂದ.

ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದಾಗ ಬಾಯಿಲ್ಡ್ ಪೀನಟ್ಸ್ ಎಂಬ ಕೈಬರಹದ ಬೋರ್ಡು ಕಂಡರೆ ಗಾಡಿ ನಿಲ್ಲಿಸಿ. ಅಮೆರಿಕದಲ್ಲಿ ಕಡಲೆಕಾಯಿ ಅತಿ ಹೆಚ್ಚು ಬೆಳೆಯುವ ರಾಜ್ಯವೇ ಜಾರ್ಜಿಯಾ. ಉಪ್ಪುನೀರಿನಲ್ಲಿ ಮೆತ್ತಗೆ ಬೆಂದ ಕಾಯಿ, ಸಿಪ್ಪೆ ಬಿಡಿಸುವಾಗ ಬಿಸಿನೀರು ಬೆರಳ ಮೇಲೆ ಸುರಿಯುತ್ತದೆ. ಬಸವನಗುಡಿಯ ಪರಿಷೆಗೆ ಹೋದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಜನವರಿ 1ಕ್ಕೆ ಇಲ್ಲಿನ ಮನೆಗಳಲ್ಲಿ ಅಲಸಂದೆ ಮತ್ತು ಅನ್ನ ಸೇರಿಸಿದ ಹಾಪಿನ್ ಜಾನ್, ಜೊತೆಗೆ ಕಾಲರ್ಡ್ ಸೊಪ್ಪು ಮಾಡುತ್ತಾರೆ. ಕಾಳು ಅದೃಷ್ಟಕ್ಕೆ, ಸೊಪ್ಪು ದುಡ್ಡಿಗೆ ಎಂಬ ನಂಬಿಕೆ. ನಮ್ಮ ಮನೆಯಲ್ಲೂ ಮಾಡುತ್ತೇವೆ. ಸೊಪ್ಪು ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ತೆಂಗಿನಕಾಯಿ ರುಬ್ಬಿ ಹಾಕಿ ಬಸ್ಸಾರು. ಪಕ್ಕದ ಮನೆಯವರು ಕಾರ್ನ್‌ಬ್ರೆಡ್ ತರುತ್ತಾರೆ. ನೀವೂ ಮಾಡುವುದಾದರೆ ಸೊಪ್ಪನ್ನು ಡಿಸೆಂಬರ್ 30ರೊಳಗೆ ತಂದಿಟ್ಟುಕೊಳ್ಳಿ. ಆಮೇಲೆ ಅಂಗಡಿಯಲ್ಲಿ ಬುಟ್ಟಿ ಖಾಲಿ ಇರುತ್ತದೆ.