ಆಯಿಲ್ ಇಳಿಸದೆ ಟ್ರ್ಯಾಕ್ಟರ್ ಹೋಸ್ ಬದಲಿಸಿದ್ದು: ನನ್ನ ಅನುಭವ

ಈ ಸಲ ನನ್ನ ಟ್ರ್ಯಾಕ್ಟರಿನ 6 ಹೈಡ್ರಾಲಿಕ್ ಹೋಸ್ ಬದಲಿಸಿದೆ. ನಾಲ್ಕು ಲೋಡರಿನವು (ಮುಂದೆ ಬಕೆಟ್ ಎತ್ತುವ ಭಾಗ), ಎರಡು ಹಿಂದಿನ ಕೇಸಿಂಗಿಗೆ, ಅಂದರೆ ಗೇರ್ ಮತ್ತು ಆಯಿಲ್ ಇರುವ ಪೆಟ್ಟಿಗೆಗೆ, ಸೇರುವವು. ನೆಲಕ್ಕೆ ಬಿದ್ದ ಆಯಿಲ್ ಹೆಚ್ಚೆಂದರೆ ಒಂದು ಲೀಟರ್, ಅದೂ ಸಿಲಿಂಡರ್ ಕಡೆಯದು. ಕೇಸಿಂಗಿನ ಡ್ರೈನ್ ಪ್ಲಗ್ ಮುಟ್ಟಲೇ ಇಲ್ಲ. ಇದು ಆಗುವ ಕೆಲಸವಲ್ಲ ಅಂದವರು ತುಂಬಾ ಜನ. ಅದಕ್ಕೇ ಬರೆಯುತ್ತಿದ್ದೇನೆ.

ಹಿಂದೆ ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲ ರಿಟರ್ನ್ ಹೋಸ್ (ಆಯಿಲ್ ಕೇಸಿಂಗಿಗೆ ವಾಪಸ್ ತರುವುದು) ಬಿಚ್ಚಿ ಕೂಡಲೇ ಪ್ಲಗ್ ಹಾಕುತ್ತೇನೆ ಅಂದುಕೊಂಡಿದ್ದೆ. ಆಯಿಲ್ ಹರಿಯುವಾಗ ಪ್ಲಗ್ಗಿನ ಥ್ರೆಡ್ ಹತ್ತಲೇ ಇಲ್ಲ. ಸುಮಾರು 15 ಲೀಟರ್ ಮಣ್ಣು ಪಾಲು. ಎರಡನೇ ಸಲ ಪೂರ್ತಿ ಇಳಿಸಿದೆ, 35 ಲೀಟರಿನ ಮೇಲೆ ಬಂತು. ಬಕೆಟ್‌ಗಳಲ್ಲಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆಲ್ಲಾ ಧೂಳು. ಗೇರಿಗೂ ಹೈಡ್ರಾಲಿಕ್ಕಿಗೂ ಅದೇ ಆಯಿಲ್ ಅಲ್ವಾ, ವಾಪಸ್ ಸುರಿಯಲು ಮನಸ್ಸಾಗಲಿಲ್ಲ. ಹೊಸ ಆಯಿಲ್‌ಗೆ ಹೋದ ದುಡ್ಡು ಹೋಸ್‌ಗಳ ದುಡ್ಡಿಗಿಂತ ಜಾಸ್ತಿಯಾಯಿತು.

ಈ ಸಲ ಕೇಸಿಂಗಿಗೆ ಆಯಿಲ್ ತುಂಬುವ ಫಿಲ್ಲರ್ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಕೂರಿಸಿದೆ. ಮೆಕ್ಯಾನಿಕ್ ಗೆಳೆಯ ನೋಡಿ, "ನಿಂಗೇನು ಹುಚ್ಚಾ? ಆಯಿಲೆಲ್ಲಾ ಮೆಷಿನ್ ಒಳಗೆ ಹೋಗುತ್ತೆ ಕಣೋ" ಅಂದ. ಹೋಗುವುದಿಲ್ಲ. ಕ್ಲೀನರ್ ಎಳೆಯುವುದು ಆಯಿಲ್ ಮೇಲಿನ ಗಾಳಿಯನ್ನು ಮಾತ್ರ. ಆ ಎಳೆತಕ್ಕೆ ಕೆಳಗೆ ಹೋಸ್ ಬಿಚ್ಚಿದರೂ ಆಯಿಲ್ ಹೊರಗೆ ಹರಿಯದೆ ಒಳಗೇ ನಿಲ್ಲುತ್ತದೆ. ಪೂರ್ತಿ ಎಳೆತ ಸಿಕ್ಕರೆ ಎರಡು ಮೀಟರ್ ಎತ್ತರದ ಆಯಿಲ್ ತಡೆಯಬಲ್ಲದು. ನಮಗೆ ಬೇಕಾಗಿರುವುದು ಅರ್ಧ ಮೀಟರ್. ಬ್ರೀದರ್ (ಕೇಸಿಂಗಿಗೆ ಗಾಳಿಯಾಡುವ ತೂತು) ಮುಚ್ಚಬೇಕು, ಇಲ್ಲದಿದ್ದರೆ ಎಳೆತ ನಿಲ್ಲುವುದಿಲ್ಲ. ಹಾಗಂತ ಫಿಲ್ಲರ್ ಬಾಯಿ ಪೂರ್ತಿ ಬಿಗಿ ಮಾಡಲೂಬಾರದು. ಮೋಟಾರಿಗೆ ಗಾಳಿ ಸಿಗದೆ ಬಿಸಿಯಾಗುತ್ತದೆ, ಆಯಿಲ್ ಸೀಲ್‌ಗಳ ಮೂಲಕ ಧೂಳೂ ಒಳಗೆ ಬರುತ್ತದೆ. ಒಂದು ಬೆರಳಿನಷ್ಟು ಸಂದಿ ಬಿಟ್ಟೆ. ಫಿಲ್ಲರ್ ಬಾಯಿಗೆ ಯಾವುದನ್ನು ಕತ್ತರಿಸಿ ಅಡಾಪ್ಟರ್ ಮಾಡಿದೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ. ಮೂರು ಸಲ ಕೆಟ್ಟ ಮೇಲೆ ಸಿಕ್ಕಿದ್ದು ಅದು.

ರಿಟರ್ನ್ ನಟ್ ಬಿಚ್ಚಿದಾಗ ಆಯಿಲ್ ಬರುವ ಬದಲು ಸುಯ್ ಅಂತ ಗಾಳಿ ಒಳಗೆ ಹೋಯಿತು. ಗೆಳೆಯ ಬಗ್ಗಿ ನೋಡಿ ಸುಮ್ಮನಾದ. ಆ ಸದ್ದಿನ ಜೊತೆ ಕಸವೂ ಒಳಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಬಿಚ್ಚುವ ಮೊದಲೇ ಬ್ರಷ್ ಹಾಕಿ ತೊಳೆದು ಒರೆಸಿದ್ದೆ. ಲೋಡರ್ ಕಡೆಯ ಹೋಸ್‌ಗಳಿಗೆ ಈ ಉಪಾಯ ಕೆಲಸ ಮಾಡುವುದಿಲ್ಲ, ವಾಲ್ವ್ ಮಧ್ಯದಲ್ಲಿ ಅಡ್ಡ ಇರುತ್ತದೆ. ಅಲ್ಲಿ ಲೋಡರ್ ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಎಲ್ಲಾ ಕಡೆ ಆಡಿಸಿ ಪ್ರೆಶರ್ ಬಿಡಿಸಲೇಬೇಕು.

ತುಕ್ಕು ಹಿಡಿದ ಎರಡು ನಟ್ ಅರ್ಧ ದಿನ ತಿಂದವು. ಬಿಸಿ ಮಾಡುವ ಯೋಚನೆಯೇ ಬೇಡ, ಆಯಿಲ್ ಮತ್ತು ರಬ್ಬರ್ ಪಕ್ಕದಲ್ಲೇ ಇರುತ್ತವೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಟ್ಟೆ. ಬೆಳಿಗ್ಗೆ ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಒಂದು ಬಿಟ್ಟಿತು. ಇನ್ನೊಂದನ್ನು ಹೋಸ್ ಕತ್ತರಿಸಿ ಬಾಕ್ಸ್ ಸ್ಪ್ಯಾನರ್ ಕೂರಿಸಿ ತೆಗೆದೆ. ಹಳೆಯ ಹೋಸ್ ಹೇಗೂ ಹೋಗುವುದೇ.

ಅಳತೆಯಲ್ಲೂ ಒಂದು ಹೋಸ್ ದಂಡವಾಯಿತು. ಹಳೆಯದನ್ನು ನೇರ ಎಳೆದು ಅಳೆದು, ಅಷ್ಟೇ ಉದ್ದಕ್ಕೆ ಮಾಡಿಸಿದ್ದೆ. ಹಳೆಯದೇ ಗಿಡ್ಡವಾಗಿತ್ತು, ಅದಕ್ಕೇ ಒಡೆದದ್ದು! ಪ್ರೆಶರ್ ಬಂದಾಗ ಹೋಸ್ ನೂರಕ್ಕೆ 4ರಷ್ಟು ಗಿಡ್ಡವಾಗಬಹುದು. ಅರ್ಧ ಇಂಚಿನ ಎರಡು ಪದರ ತಂತಿಯ ಹೋಸ್‌ಗೆ ಬಾಗುವ ಜಾಗದಲ್ಲಿ ಸುಮಾರು 7 ಇಂಚು ತ್ರಿಜ್ಯವೂ ಬೇಕು. ಮೊದಲು ಒಂದೇ ಪದರದ್ದು ಇತ್ತು. ಈ ಸಲ ಎಲ್ಲಾ ಎರಡು ಪದರ ಹಾಕಿಸಿದೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ತಡೆಯುವ ಪ್ರೆಶರ್ 160 ಬಾರ್‌ನಿಂದ 275ಕ್ಕೆ ಏರಿತು.

ಇನ್ನೊಂದು ಹೋಸಿನ ನಟ್ ಬೆಣ್ಣೆಯ ಹಾಗೆ ತಿರುಗಿ ಕೂತಿತು. ಆದರೂ ಆಯಿಲ್ ಜಿನುಗುತ್ತಿತ್ತು. ಎರಡು ಸಲ ಬಿಗಿ ಮಾಡಿ ನೋಡಿದೆ. ಆಮೇಲೆ ಗೊತ್ತಾಯಿತು, ನನ್ನ ಟ್ರ್ಯಾಕ್ಟರಿನದು 37 ಡಿಗ್ರಿ ಕೋನಿನ ಜೆಐಸಿ ಅನ್ನುವ ಜೋಡಣೆ, ಹೋಸಿಗೆ ಬಂದದ್ದು 45 ಡಿಗ್ರಿ ಕೋನಿನದು. ಆ ಸೈಜಿನಲ್ಲಿ ಎರಡಕ್ಕೂ ಥ್ರೆಡ್ ಒಂದೇ, ಮುಕ್ಕಾಲು ಇಂಚು ದಪ್ಪ, ಇಂಚಿಗೆ 16 ಥ್ರೆಡ್. ಕೋನ್ ಮಾತ್ರ ಕೂರುವುದಿಲ್ಲ. ಟೇಪ್ ಸುತ್ತಿದರೂ ಉಪಯೋಗವಿಲ್ಲ, ಅಲ್ಲಿ ಸೀಲ್ ಆಗುವುದು ಕೋನಿನಲ್ಲಿ, ಥ್ರೆಡ್‌ನಲ್ಲಲ್ಲ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ಹೊಸ ಹೋಸ್ ಶುದ್ಧವಾಗಿಯೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸ್ಪಾಂಜಿನ ತುಂಡನ್ನು ಕಂಪ್ರೆಸರ್ ಗಾಳಿಯಿಂದ ಒಳಗೆ ತೂರಿಸಿದೆ. ಆರರಲ್ಲಿ ಐದು ಹೋಸಿನಿಂದ ಕಪ್ಪು ರಬ್ಬರ್ ಪುಡಿ ಬಂತು, ಒಂದರಲ್ಲಿ ತಂತಿಯ ಚೂರೂ ಇತ್ತು. ಅದು ಹೋಗಿ ವಾಲ್ವಿನಲ್ಲಿ ಕೂತಿದ್ದರೆ?

ಕೂರಿಸುವಾಗ ಎರಡು ಸ್ಪ್ಯಾನರ್ ಹಿಡಿದೆ. ಹೋಸ್ ಮೇಲಿನ ಅಕ್ಷರದ ಗೆರೆ ನೇರ ಇದೆಯಾ ಅಂತ ಪ್ರತಿ ಸಲ ನೋಡಿದೆ. ಗೆರೆ ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಅಂತಲೇ. ಆಮೇಲೆ ಎಂಜಿನ್ ನಿಧಾನಕ್ಕೆ ಬಿಟ್ಟು ಪ್ರತಿ ಲಿವರನ್ನೂ ಐದಾರು ಸಲ ಆಡಿಸಿ ಗಾಳಿ ತೆಗೆದೆ. ಲೀಕ್ ನೋಡಿದ್ದು ರಟ್ಟಿನ ತುಂಡು ಹಿಡಿದು. ಸೂಜಿಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು.

ಮೇಲಿಂದ ತುಂಬಿದ ಆಯಿಲ್ ಒಂದೂವರೆ ಲೀಟರ್ ಇರಬಹುದು. ಉಳಿದ ಆಯಿಲ್ ಲೆಕ್ಕ ಹಾಕಿದರೆ ಕ್ಲೀನರ್ ಕೊಂಡ ದುಡ್ಡು ಒಂದೇ ಸಲಕ್ಕೆ ವಾಪಸ್ ಬಂತು. 40 ಗಂಟೆ ಕೆಲಸ ಮಾಡಿಸಿ ಮತ್ತೆ ನೋಡಿದೆ, ಎಲ್ಲಾ ನಟ್ ಒಣಗಿವೆ. ಮೊನ್ನೆ ಅದೇ ಮೆಕ್ಯಾನಿಕ್ ಗೆಳೆಯ ತನ್ನ ಗಾಡಿಗೆ ಅಂತ ಆ ಅಡಾಪ್ಟರ್ ಕೇಳಿಕೊಂಡು ಬಂದಿದ್ದ.